ಮಾವನ ಮುಚ್ಚಳವೂ ನನ್ನ ಡ್ರೋನೂ

ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎಂದು ಹಿರಿಯರು ಹೇಳಿದ್ದಾರೆ. ನಮ್ಮ ಮನೆಯಲ್ಲಿರುವುದು ಗ್ಯಾಸ್ ಒಲೆ. ಅದರಲ್ಲಿ ತೂತಿದ್ದರೇ ಉರಿಯುವುದು. ಹೀಗಾಗಿ ಕೆಡಿಸುವ ಕೆಲಸವೆಲ್ಲ ಪೂರ್ತಿಯಾಗಿ ನನ್ನ ಮಾತಿನ ಮೇಲೇ ಬಿದ್ದಿದೆ.

ಆ ಬುಧವಾರ ಸಂಜೆ ನಾನು ಆಡಿದ ಮಾತು ಇಷ್ಟೇ: "ಅದೇನು ಮಹಾ ಮಾವ! ನನ್ನ ಹತ್ರ ಡ್ರೋನ್ ಇದೆ. ಐದು ನಿಮಿಷದ ಕೆಲಸ."

ಮಾವ ಎಂದರೆ ನನ್ನ ಹೆಂಡತಿಯ ತಂದೆ. ನಮ್ಮ ಜೊತೆಯಲ್ಲೇ ಇರುತ್ತಾರೆ. ನೀರು ಸರಬರಾಜು ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಟ್ಯಾಂಕ್ ನೋಡಿಕೊಳ್ಳುತ್ತಿದ್ದವರು. ದಿನಾ ಬೆಳಿಗ್ಗೆ ಎಂಬತ್ತೆರಡು ಮೆಟ್ಟಿಲಿನ ಕಬ್ಬಿಣದ ಏಣಿ ಹತ್ತುವುದು, ಮುಚ್ಚಳ ತೆಗೆಯುವುದು, ನೀರಿನ ಮಟ್ಟ ನೋಡುವುದು, ಔಷಧಿ ಹಾಕುವುದು, ಮುಚ್ಚಳ ಮುಚ್ಚಿ ಬೋಲ್ಟು ಬಿಗಿಯುವುದು, ಇಳಿಯುವುದು. ಒಂದು ದಿನವೂ ತಪ್ಪಿಸಿದವರಲ್ಲ.

ನಿವೃತ್ತಿಯ ದಿನ ಮಾತ್ರ ಕೆಳಗೆ ಸಹೋದ್ಯೋಗಿಗಳೆಲ್ಲ ಫೋಟೋಗೆಂದು ಸಾಲಾಗಿ ನಿಂತು, "ಬೇಗ ಇಳೀರಿ, ಬೆಳಕು ಹೋಗುತ್ತೆ!" ಎಂದು ಕೂಗಿದರು. ಮಾವ ಇಳಿದರು. ಕೀಲಿಕೈ ಒಪ್ಪಿಸಿದರು. ಫೋಟೋಗೆ ನಿಂತರು. ಆ ಫೋಟೋ ಈಗಲೂ ನಮ್ಮ ನಡುಮನೆಯ ಗೋಡೆಯ ಮೇಲಿದೆ. ಹದಿನೇಳು ಜನ ಕ್ಯಾಮೆರಾ ನೋಡುತ್ತಿದ್ದಾರೆ, ಮಾವ ಒಬ್ಬರು ಮೇಲೆ ನೋಡುತ್ತಿದ್ದಾರೆ. ಸರಿಯಾಗಿ ಆ ಕ್ಷಣದಲ್ಲಿ ಅವರಿಗೆ ಅನುಮಾನ ಹುಟ್ಟಿತ್ತು. ಮುಚ್ಚಳ ಮುಚ್ಚಿದೆನೋ ಇಲ್ಲವೋ?

ಮರುದಿನದಿಂದ ಊರಿಗೆ ಹೊಸ ಟ್ಯಾಂಕಿನ ನೀರು. ಹಳೆಯದು ಖಾಲಿಯಾಗಿ ನಿಂತಿತು. ಏಣಿಗೆ ತುಕ್ಕು ಹಿಡಿದಿದೆಯೆಂದು ಅದನ್ನೂ ಕತ್ತರಿಸಿ ಒಯ್ದರು. ಅಲ್ಲಿಂದ ಹನ್ನೊಂದು ವರ್ಷ ಮಾವ ಊಟದ ನಡುವೆ ಕೈ ನಿಲ್ಲಿಸಿ, "ಮುಚ್ಚಿದ್ದೆ ಅನ್ಸುತ್ತೆ" ಎನ್ನುತ್ತಿದ್ದರು. ಮಜ್ಜಿಗೆಗೆ ಬರುವ ಹೊತ್ತಿಗೆ, "ಇಲ್ಲ ಅನ್ಸುತ್ತೆ" ಎನ್ನುತ್ತಿದ್ದರು. ಇಲಾಖೆಗೆ ಆರು ಪತ್ರ ಬರೆದರು. ಹಳೆಯ ಟ್ಯಾಂಕು ಬಳಕೆಯಲ್ಲಿಲ್ಲದ ಕಾರಣ ಅದಕ್ಕೆ ಮುಚ್ಚಳದ ಅಗತ್ಯ ಕಂಡುಬರುವುದಿಲ್ಲ ಎಂದು ಉತ್ತರ ಬಂತು. "ಅಗತ್ಯ ಇದೆಯೋ ಇಲ್ವೋ ಅಂತ ಯಾರು ಕೇಳಿದ್ರು? ನಾನು ನನ್ನ ಕೆಲಸ ಮುಗಿಸಿ ಬಂದ್ನೋ ಇಲ್ವೋ, ಅದು ಹೇಳ್ರಯ್ಯಾ" ಎಂದು ಮಾವ ಆ ಪತ್ರವನ್ನೇ ಗದರಿದ್ದರು.

ಆ ಬುಧವಾರ ಪೇಪರ್ ಮಡಿಸಿಟ್ಟು ಹೇಳಿದರು: "ಸೋಮವಾರ ಹಳೇ ಟ್ಯಾಂಕ್ ಒಡೀತಾರಂತೆ. ಇನ್ನು ನನಗೆ ಗೊತ್ತಾಗೋ ಹಾಗಿಲ್ಲ ಬಿಡಿ."

ಎಷ್ಟು ಮೆತ್ತಗೆ ಹೇಳಿದರೆಂದರೆ ನನ್ನ ಹೆಂಡತಿ ಒಲೆ ಆರಿಸಿ ಈಚೆ ಬಂದಳು. ಆಗಲೇ ನನ್ನ ಬಾಯಿಂದ ಆ ಡ್ರೋನಿನ ಮಾತು ಹಾರಿದ್ದು. ಆಮೇಲೆ ನಾಲ್ಕು ದಿನ ಅದೊಂದು ಬಿಟ್ಟು ಬೇರೇನೂ ಹಾರಲಿಲ್ಲ.

ಡ್ರೋನ್ ನನಗೆ ಬಂದದ್ದು ಆಫೀಸಿನಿಂದ. ನಾನೊಂದು ವಿಮಾ ಕಚೇರಿಯಲ್ಲಿ ತಿರಸ್ಕೃತ ಅರ್ಜಿಗಳ ವಿಭಾಗದಲ್ಲಿದ್ದೇನೆ. 'ತಮ್ಮ ಕೋರಿಕೆಯನ್ನು ಮನ್ನಿಸಲಾಗುತ್ತಿಲ್ಲ ಎಂದು ವಿಷಾದದಿಂದ ತಿಳಿಸುತ್ತೇವೆ' ಎಂದು ಇಪ್ಪತ್ತು ವರ್ಷ ಬರೆದದ್ದಕ್ಕೆ ಕಚೇರಿಯವರು ಉಡುಗೊರೆ ಕೊಟ್ಟರು. ಮಿಕ್ಸಿ ಅಥವಾ ಡ್ರೋನ್, ಎರಡರಲ್ಲೊಂದು ಆರಿಸಿಕೊಳ್ಳಬೇಕಿತ್ತು. ಮಿಕ್ಸಿ ತನ್ನಿ ಎಂದು ಹೆಂಡತಿ ಹೇಳಿ ಕಳಿಸಿದ್ದಳು. ನನ್ನ ಮುಂದೆ ನಿಂತಿದ್ದ ಕಿರಿಯ ಗುಮಾಸ್ತ ಡ್ರೋನ್ ಎಂದ. ಇವನಿಗಿಂತ ನಾನೇನು ಕಡಿಮೆ ಎಂದು ನಾನೂ ಡ್ರೋನ್ ಎಂದೆ. ಐದು ತಿಂಗಳಿಂದ ಅದು ಬೀರುವಿನ ಮೇಲೆ ಪೆಟ್ಟಿಗೆಯೊಳಗೇ ಇತ್ತು. ನಮ್ಮ ಹಳೆಯ ಮಿಕ್ಸಿ ಅರಚಿದಾಗಲೆಲ್ಲ ಹೆಂಡತಿ ಬೀರುವಿನ ಕಡೆ ನೋಡುತ್ತಿದ್ದಳು.

ಗುರುವಾರ ಪೆಟ್ಟಿಗೆ ಕೆಳಗಿಳಿಯಿತು. ಒಳಗೆ ಒಂದು ಮೈ, ನಾಲ್ಕು ರೆಕ್ಕೆ, ನಾಲ್ಕು ಸ್ಕ್ರೂ, ಒಂದು ರಿಮೋಟ್, ಮತ್ತೆ ಇರುವೆಗಳೇ ಓದಬೇಕಾದಷ್ಟು ಸಣ್ಣ ಅಕ್ಷರದ ಪುಸ್ತಕ. ಪುಸ್ತಕವನ್ನು ನಾನು ಪಕ್ಕಕ್ಕಿಟ್ಟೆ. ಪುಸ್ತಕ ಓದಿ ಈಜು ಕಲಿತವರನ್ನು ನಾನು ನೋಡಿಲ್ಲ. ಓದದೆ ಮುಳುಗಿದವರನ್ನು ಮಾತ್ರ ಈಗ ಕನ್ನಡಿಯಲ್ಲಿ ದಿನಾ ನೋಡುತ್ತೇನೆ.

ರೆಕ್ಕೆ ಜೋಡಿಸಲು ಸ್ಕ್ರೂಡ್ರೈವರ್ ಎತ್ತಿಕೊಂಡೆ. ಮಾವ ಅದನ್ನು ಕೈಯಿಂದ ಮೆಲ್ಲಗೆ ತೆಗೆದುಕೊಂಡರು.

"ಈ ಕೆಲಸ ನನಗೆ ಬಿಡಿ ಅಳಿಯಂದಿರೇ. ನಿಮ್ಮದು ಬರೆಯೋ ಕೈ."

ನಾಲಿಗೆಯ ತುದಿ ಈಚೆ ಹಾಕಿ, ಒಂದು ಕಣ್ಣು ಮುಚ್ಚಿ, ನಾಲ್ಕೂ ರೆಕ್ಕೆ ಜೋಡಿಸಿದರು. ನಾನು ಗಂಟಲು ಸರಿಮಾಡಿಕೊಂಡು, ಎಲ್ಲರೂ ಎರಡು ಹೆಜ್ಜೆ ಹಿಂದೆ ಸರಿಯಿರಿ ಎಂದು ಅಪ್ಪಣೆ ಕೊಟ್ಟು, ಗುಂಡಿ ಒತ್ತಿದೆ.

ಡ್ರೋನು ಮೂರು ಸಲ ಪೀಂ ಪೀಂ ಪೀಂ ಎಂದಿತು. ಕೆಂಪು ದೀಪ ಹತ್ತಿತು. ಅಷ್ಟೇ. ಮೋಟಾರು ತಿರುಗಲಿಲ್ಲ. ಹತ್ತು ಸಲ ಒತ್ತಿದೆ, ಹತ್ತು ಸಲವೂ ಮೂರೇ ಪೀಂ. ಅದರ ಲೆಕ್ಕದಲ್ಲಿ ತಪ್ಪಿರಲಿಲ್ಲ.

"ಮಿಕ್ಸಿ ಆಗಿದ್ರೆ ಇಷ್ಟೊತ್ತಿಗೆ ತಿರುಗ್ತಿತ್ತು" ಎಂದಳು ಹೆಂಡತಿ.

ಮಾವ ಏನೂ ಅನ್ನಲಿಲ್ಲ. ಅನ್ನದೆ ಇರುವುದರಲ್ಲಿ ಅವರು ಪಳಗಿದವರು. ಹತ್ತೊಂಬತ್ತು ವರ್ಷದಿಂದ ನನ್ನ ವಿಷಯದಲ್ಲಿ ಅವರು ಕೆಟ್ಟದ್ದೇನೂ ಅಂದಿಲ್ಲ, ಒಳ್ಳೆಯದೂ ಅಂದಿಲ್ಲ.

ಶುಕ್ರವಾರ ಬೆಳಿಗ್ಗೆ ಅರ್ಧ ದಿನ ರಜೆ ಹಾಕಿ ಇಲಾಖೆಯ ಕಚೇರಿಗೆ ಹೋದೆ. ಟ್ಯಾಂಕಿನ ಹತ್ತಿರ ಹಾರಿಸಲು ಒಪ್ಪಿಗೆ ಬೇಕಲ್ಲ. ಡ್ರೋನು ಹಾರುವ ಮೊದಲೇ ಒಪ್ಪಿಗೆ ಏಕೆ ಎಂದು ಕೇಳಬೇಡಿ. ಕಾಗದದ ಕೆಲಸ ನನಗೆ ಬರುತ್ತದೆ, ಬರುವ ಕೆಲಸ ಮೊದಲು ಮಾಡಿದೆ. ಅರ್ಜಿಯನ್ನು ಚೆನ್ನಾಗಿಯೇ ಬರೆದಿದ್ದೆ. 'ವಿಷಯ: ಹಳೆಯ ಟ್ಯಾಂಕಿನ ಮುಚ್ಚಳದ ಸ್ಥಿತಿಗತಿಯ ವೈಮಾನಿಕ ಪರಿಶೀಲನೆ. ಸದರಿ ಪರಿಶೀಲನೆಯನ್ನು ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ನಡೆಸಲಾಗುವುದು. ಅಗತ್ಯ ಸಹಕಾರ ನೀಡತಕ್ಕದ್ದು. ತಪ್ಪಿದಲ್ಲಿ ಮುಂದಿನ ಪರಿಣಾಮಗಳಿಗೆ ತಾವೇ ಹೊಣೆ.' ಕೊನೆಯ ಸಾಲು ನಾನು ಬೇಕೆಂದು ಬರೆದದ್ದಲ್ಲ. ಇಪ್ಪತ್ತು ವರ್ಷದ ಅಭ್ಯಾಸ, ಪೆನ್ನು ತಾನಾಗಿ ಬರೆಯಿತು.

ಸಹಾಯಕ ಎಂಜಿನಿಯರ್ ಅದನ್ನು ಓದುತ್ತಾ ಓದುತ್ತಾ ಎದ್ದು ನಿಂತರು. ಓದಿ ಮುಗಿಸಿ ತಮ್ಮ ಕುರ್ಚಿಯನ್ನು ನನ್ನ ಕಡೆ ತಳ್ಳಿದರು.

"ಸಾರ್, ಇದು... ಯಾರ ಕಡೆಯಿಂದ ಸಾರ್?"

"ನಮ್ಮ ಮಾವನವರ ಕಡೆಯಿಂದ" ಎಂದೆ. ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ.

"ಮಾವನವರು ಇಲಾಖೇಲೇ..."

"ಮೂವತ್ತನಾಲ್ಕು ವರ್ಷ ಇದ್ದವರು. ಈ ಮುಚ್ಚಳದ ವಿಷಯ ಅವರು ಹನ್ನೊಂದು ವರ್ಷದಿಂದ ಬಿಟ್ಟಿಲ್ಲ. ಆರು ಪತ್ರ ಬರೆದಿದಾರೆ. ನಿಮ್ಮೋರು ಕೊಟ್ಟ ಉತ್ತರ ಅವರಿಗೆ ಸ್ವಲ್ಪವೂ ಹಿಡಿಸಿಲ್ಲ."

ಎಂಜಿನಿಯರ್ ಹಣೆ ಒರೆಸಿಕೊಂಡರು. ಹನ್ನೊಂದು ವರ್ಷ ಬಾಕಿ ಇರುವ ವಿಚಾರಣೆ, ಒಡೆಯುವುದಕ್ಕೆ ಒಂದು ದಿನ ಮುಂಚೆ, ಅದೂ ಆಕಾಶದಿಂದ! ಮೇಲಧಿಕಾರಿಗಳು ಗುಟ್ಟಾಗಿ ಕಳಿಸಿದ ತಜ್ಞ ಎಂದೇ ಅವರು ನನ್ನನ್ನು ತಿಳಿದರು. ಇದು ನನಗೆ ಗೊತ್ತಾದದ್ದು ಭಾನುವಾರ. ಆ ಹೊತ್ತಿಗೆ, ಎಷ್ಟು ಸಜ್ಜನ, ಎಷ್ಟು ಮರ್ಯಾದೆ, ಇಂಥವರು ಇಲಾಖೆಯಲ್ಲಿ ಅಪರೂಪ ಎಂದುಕೊಂಡು ಅವರು ತರಿಸಿದ ಕಾಫಿ ಕುಡಿದು ಬಂದೆ.

ಸಂಜೆ ಎದುರು ಮನೆಯ ಭೂಗೋಳ ಮೇಷ್ಟ್ರು ಬಂದರು. ನಿವೃತ್ತರಾದ ಮೇಲೆ ಅವರಿಗೆ ಭೂಮಿ ಸಾಲದಾಗಿ ಆಕಾಶಕ್ಕೆ ಕೈ ಹಾಕಿದ್ದಾರೆ.

"ಇದಕ್ಕೆ ಉಪಗ್ರಹ ಸಿಗ್ತಿಲ್ಲ ಕಣ್ರೀ. ಮೂರು ಪೀಂ ಅಂದ್ರೆ ಮೂರು ಉಪಗ್ರಹ ಅಂತ. ಕನಿಷ್ಠ ಏಳು ಬೇಕು. ಮಹಡಿಗೆ ಒಯ್ಯಿರಿ."

ಮಹಡಿಗೆ ಒಯ್ದೆವು. ಅಲ್ಲೂ ಮೂರೇ ಪೀಂ. ಮೇಷ್ಟ್ರು ನನ್ನ ಫೋನು ಇಸಿದುಕೊಂಡು ಏನೋ ಒತ್ತಿದರು. ದಿಕ್ಸೂಚಿ ಸರಿಪಡಿಸಲು ಡ್ರೋನನ್ನು ಎದೆಯ ಮುಂದೆ ಹಿಡಿದು ಮೂರು ಸುತ್ತು ತಿರುಗಿ, ಆಮೇಲೆ ಮೂಗು ಕೆಳಗೆ ಮಾಡಿ ಮೂರು ಸುತ್ತು ತಿರುಗಿ ಎಂದು ಫೋನು ಹೇಳಿತು. ಯಾರ ಮೂಗು ಎಂದು ಅದು ಹೇಳಲಿಲ್ಲ. ನಾನು ಎರಡನ್ನೂ ಕೆಳಗೆ ಮಾಡಿ ತಿರುಗಿದೆ. ಪಕ್ಕದ ಮಹಡಿಯಲ್ಲಿ ಬಟ್ಟೆ ತೆಗೆಯುತ್ತಿದ್ದ ಹೆಂಗಸರು ನಿಂತು ನೋಡಿದರು.

"ಏನೂಂದ್ರೆ, ಸಾಕು ಇಳೀರಿ!" ಎಂದು ಕೆಳಗಿಂದ ಹೆಂಡತಿ ಕೂಗಿದಳು. "ನಿಮ್ಮ ಆಫೀಸಲ್ಲಿ ಏನಾದ್ರೂ ಆಯ್ತಾ ಅಂತ ನಾಲ್ಕು ಮನೆಯೋರು ಕೇಳಿ ಹೋದ್ರು."

ಮೋಟಾರು ಮಾತ್ರ ತಿರುಗಲಿಲ್ಲ. ತಿರುಗಿದ್ದು ನನ್ನ ತಲೆ. ರೆಕ್ಕೆಗಳನ್ನು ಅದಲುಬದಲು ಹಾಕಿರಬಹುದು ಎಂದು ಮೇಷ್ಟ್ರು ಅಂದದ್ದಕ್ಕೆ, ಎಲ್ಲವನ್ನೂ ಬಿಚ್ಚಿ ಜಾಗ ಬದಲಿಸಿದೆವು. ಬಿಚ್ಚಿದ್ದೂ ಮಾವ, ಮತ್ತೆ ಜೋಡಿಸಿದ್ದೂ ಮಾವ. ಅಷ್ಟು ಹೊತ್ತೂ ಅವರು ಕೇಳಿದ್ದು ಒಂದೇ ಮಾತು: "ಭಾನುವಾರದ ಹೊತ್ತಿಗೆ ಆಗುತ್ತಲ್ವಾ?"

"ಆಗದೆ ಏನು ಮಾವ!" ಎಂದೆ.

ಶನಿವಾರ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದೆ. ಒಬ್ಬ ಹೆಣ್ಣುಮಗಳು ಬಹಳ ಇಂಪಾಗಿ, "ತಮಗಾದ ತೊಂದರೆಗೆ ವಿಷಾದಿಸುತ್ತೇವೆ ಸಾರ್. ಒಮ್ಮೆ ಆಫ್ ಮಾಡಿ ಆನ್ ಮಾಡ್ತೀರಾ?" ಎಂದಳು. ಮಾಡಿದೆ. "ಈಗ ಇನ್ನೊಮ್ಮೆ ಮಾಡ್ತೀರಾ?" ಎಂದಳು. ನಲವತ್ತು ನಿಮಿಷ ಹೀಗೇ ನಡೆಯಿತು. ಕೊನೆಗೆ, ತಮ್ಮ ದೂರನ್ನು ಸಂಬಂಧಪಟ್ಟವರ ಗಮನಕ್ಕೆ ತರಲಾಗುವುದು ಎಂದಳು. ನನಗೆ ಸಿಟ್ಟು ಬರಲಿಲ್ಲ. ನಮ್ಮದೇ ಕಸುಬಿನವಳು, ಎಂಥ ಸೊಗಸಾದ ಕೆಲಸ ಎಂದು ಮನಸಾರೆ ಮೆಚ್ಚಿ ಫೋನು ಇಟ್ಟೆ.

ಭಾನುವಾರ ಬೆಳಿಗ್ಗೆ ಹೊರಡುವಾಗ ಮಾವ ಒಗೆದು ಇಸ್ತ್ರಿ ಮಾಡಿದ ಹಳೆಯ ಖಾಕಿ ಅಂಗಿ ಹಾಕಿಕೊಂಡಿದ್ದರು. ಅದನ್ನು ನೋಡಿ, ಡ್ರೋನು ಇನ್ನೂ ಹಾರಿಲ್ಲ ಎಂದು ಹೇಳಲು ತೆರೆದ ಬಾಯನ್ನು ಹಾಗೇ ಮುಚ್ಚಿದೆ. ಜೀವನದಲ್ಲಿ ಮೊದಲ ಸಲ ಸರಿಯಾದ ಹೊತ್ತಿಗೆ ಬಾಯಿ ಮುಚ್ಚಿದ್ದು ಎಂದು ಹೆಂಡತಿ ಆಮೇಲೆ ಹೇಳಿದಳು.

ಟ್ಯಾಂಕಿನ ಬುಡದಲ್ಲಿ ನೋಡಿದರೆ ಶಾಮಿಯಾನ! ಮೇಜು, ಮೇಜಿನ ಮೇಲೆ ಬಟ್ಟೆ, ನೀರಿನ ಬಾಟಲಿಗಳು, ಎರಡು ಸಾಲು ಕುರ್ಚಿ. ಸಹಾಯಕ ಎಂಜಿನಿಯರ್ ಕಡತದ ಕಟ್ಟು ಹಿಡಿದು ನಿಂತಿದ್ದರು. ನಮ್ಮ ಬೀದಿಯವರೂ ಆಚೆ ಬೀದಿಯವರೂ ಸೇರಿ ಇನ್ನೂರು ಜನ.

"ಸಾರ್, ಎಲ್ಲಾ ದಾಖಲೆ ತಂದಿದೀನಿ. ದೊಡ್ಡ ಸಾಹೇಬರು ಇವರೇನಾ?" ಎಂದು ಎಂಜಿನಿಯರ್ ಮಾವನನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿದರು. ಮಾವ ಇಂಥ ಎಂಜಿನಿಯರುಗಳ ಮುಂದೆ ಮೂವತ್ತನಾಲ್ಕು ವರ್ಷ ನಿಂತುಕೊಂಡೇ ಇದ್ದವರು. ಕೂತು, ಒಮ್ಮೆ ಅತ್ತ ಇತ್ತ ನೋಡಿ, ನನ್ನ ಕಡೆ ಕೈ ತೋರಿಸಿ, "ನಮ್ಮ ಅಳಿಯಂದಿರು" ಎಂದರು. ಆ ಸ್ವರದಲ್ಲಿ ಆ ಮಾತನ್ನು ನಾನು ಹಿಂದೆ ಕೇಳಿರಲಿಲ್ಲ. ನನಗೆ ಅಳು ಬರುವ ಹಾಗಾಯಿತು. ಅದರ ಜೊತೆಗೇ ಓಡಿಹೋಗುವ ಹಾಗೂ ಆಯಿತು.

ಡ್ರೋನನ್ನು ಮೇಜಿನ ಮೇಲಿಟ್ಟೆ. ಗುಂಡಿ ಒತ್ತಿದೆ. ಪೀಂ ಪೀಂ ಪೀಂ.

"ಶುರುವಾಯ್ತು, ಶುರುವಾಯ್ತು" ಎಂದರು ಎಂಜಿನಿಯರ್. ಜನ ಕತ್ತೆತ್ತಿ ಆಕಾಶ ನೋಡಿದರು. ಡ್ರೋನು ಮೇಜಿನ ಮೇಲೇ ಇದೆ ಎಂದು ತಿಳಿಯಲು ಅವರಿಗೆ ಒಂದೆರಡು ನಿಮಿಷ ಬೇಕಾಯಿತು.

ಮತ್ತೆ ಒತ್ತಿದೆ. ಮತ್ತೆ ಪೀಂ. ಮೇಷ್ಟ್ರು, ಶಾಮಿಯಾನ ಉಪಗ್ರಹಕ್ಕೆ ಅಡ್ಡ ಬರುತ್ತಿದೆ ಎಂದರು. ಎಂಜಿನಿಯರ್ ಕೂಡಲೇ ಅದನ್ನು ಬಿಚ್ಚಿಸಿದರು. ಎಲ್ಲರೂ ಬಿಸಿಲಿಗೆ ಬಂದೆವು. ಪೀಂ. ಇಷ್ಟು ಜನರ ಫೋನಿನಿಂದ ತೊಂದರೆಯಾಗುತ್ತಿದೆ ಎಂದರು ಮೇಷ್ಟ್ರು. ನನ್ನದೊಂದು ಬಿಟ್ಟು ಇನ್ನೂರು ಫೋನು ಆಫ್ ಆದವು. ಪೀಂ. ಯಾರೋ ಬ್ಯಾಟರಿಯನ್ನು ಉಜ್ಜಿ ಬಿಸಿ ಮಾಡಿ ಎಂದರು, ಇನ್ನಾರೋ ತಣ್ಣಗೆ ಮಾಡಿ ಎಂದರು. ಎರಡನ್ನೂ ಮಾಡಿದೆ. ಬೆವರು ಕಣ್ಣಿಗಿಳಿಯುತ್ತಿತ್ತು. ಮಾವನ ಕಡೆ ನೋಡುವ ಧೈರ್ಯವಾಗಲಿಲ್ಲ, ಆದರೂ ನೋಡಿದೆ. ಅವರು ನನ್ನನ್ನು ನೋಡುತ್ತಿರಲಿಲ್ಲ, ಟ್ಯಾಂಕಿನ ತಲೆಯನ್ನೇ ನೋಡುತ್ತಿದ್ದರು.

ಟ್ಯಾಂಕಿನ ಎದುರಿಗೇ ಹೊಲಿಗೆ ಮಷಿನ್ ರಿಪೇರಿ ಮಾಡುವ ಅಕ್ಕನ ಸಣ್ಣ ಅಂಗಡಿ. ಗದ್ದಲ ಏನೆಂದು ನೋಡಲು ಅವರು ಕೈಯಲ್ಲಿ ಎಣ್ಣೆ ಬಟ್ಟೆ ಹಿಡಿದೇ ಬಂದರು. ಜನರನ್ನು ಸರಿಸಿ, ಮೇಜಿನ ಹತ್ತಿರ ಬಂದು, ಒಂದು ಬೆರಳಿನಿಂದ ರೆಕ್ಕೆಯನ್ನು ತಳ್ಳಿದರು.

"ಇದು ತಿರುಗ್ತಾನೇ ಇಲ್ಲವಲ್ಲ."

"ಅದೇ ಅಕ್ಕ ತೊಂದರೆ" ಎಂದೆ.

"ಅಯ್ಯೋ, ಕೈಯಲ್ಲಿ ತಳ್ಳಿದ್ರೂ ತಿರುಗ್ತಿಲ್ಲ ಅಂದೆ. ಸ್ಕ್ರೂ ಇಷ್ಟು ಬಿಗಿ ಮಾಡಿದ್ರೆ ಯಾವ ಮೋಟಾರು ತಿರುಗುತ್ತೆ? ಪಾಪ, ತಿರುಗಕ್ಕಾಗಲ್ಲ ಅಂತ ಬಡ್ಕೊಳ್ತಿದೆ ಅದು. ಯಾರು ಮಾಡಿದ್ದು ಇದನ್ನ?"

ನಾಲ್ಕು ದಿನದಿಂದ ನಾವು ಆಕಾಶ ನೋಡಿದ್ದೆವು, ಫೋನು ನೋಡಿದ್ದೆವು, ದಿಕ್ಕು ನೋಡಿದ್ದೆವು. ರೆಕ್ಕೆಯನ್ನು ಬೆರಳಿನಿಂದ ಮುಟ್ಟಿ ನೋಡಿದವರು ಒಬ್ಬರೂ ಇಲ್ಲ. ಮೇಷ್ಟ್ರು ತಮ್ಮ ಚಪ್ಪಲಿ ನೋಡಿಕೊಂಡರು.

"ನಾನೇ ಮಾಡಿದ್ದು" ಎಂದರು ಮಾವ, ಗಂಭೀರವಾಗಿ. "ಸ್ಕ್ರೂ ತಿರುಗಿಸ್ತಾ ಹೋಗ್ಬೇಕು. ಇನ್ನಾಗಲ್ಲ ಅಂತ ನಿಲ್ಲುತ್ತೆ. ನಿಂತ ಮೇಲೆ ಇನ್ನೊಂದು ಸುತ್ತು. ಅದು ನನ್ನ ಪದ್ಧತಿ."

"ನಲ್ಲಿಗಾದ್ರೆ ಸರಿ ದೊಡ್ಡಪ್ಪ. ತಿರುಗೋ ವಸ್ತುವಿಗೆ ಉಸಿರಾಡೋಕೆ ಜಾಗ ಬಿಡ್ಬೇಕು."

ಅಕ್ಕ ಸಡಿಲ ಮಾಡಲು ನೋಡಿದರು, ಆಗಲಿಲ್ಲ. ನಾನು ನೋಡಿದೆ, ಸ್ಕ್ರೂಡ್ರೈವರ್ ಬಾಗಿತು. ಎಂಜಿನಿಯರ್ ನೋಡಿದರು, ಅವರ ಉಗುರು ಹೋಯಿತು. ಕೊನೆಗೆ ಮಾವನೇ ಎದ್ದರು. ಬಿಗಿ ಮಾಡಿದ್ದನ್ನು ಸಡಿಲ ಮಾಡಿದವರಲ್ಲ ಅವರು. ಅಕ್ಕನ ಅಂಗಡಿಯಿಂದ ಇನ್ನೊಂದು ಸ್ಕ್ರೂಡ್ರೈವರ್ ತರಿಸಿಕೊಂಡರು. ಆಮೇಲೆ ಹಲ್ಲು ಕಚ್ಚಿ ನಾಲ್ಕನ್ನೂ ಅರ್ಧರ್ಧ ಸುತ್ತು ಬಿಟ್ಟರು.

ಗುಂಡಿ ಒತ್ತಿದೆ. ಡ್ರೋನು ಗುಂಯ್ ಎಂದು ಎದ್ದೇಬಿಟ್ಟಿತು! ಮೇಜಿನ ಬಟ್ಟೆ ಹಾರಿತು, ಎಂಜಿನಿಯರರ ಕಡತ ಹಾರಿತು, ಇನ್ನೂರು ಜನ ಹೋ ಎಂದರು. ಅದು ಅಂಕುಡೊಂಕಾಗಿ ಏರಿ ಟ್ಯಾಂಕಿನ ನೆತ್ತಿಯ ಮೇಲೆ ನಿಂತಿತು. ಅದರ ಕ್ಯಾಮೆರಾ ಕಳಿಸುತ್ತಿದ್ದ ಚಿತ್ರವನ್ನು ನಾನು ಫೋನಿನಲ್ಲಿ, ಬಿಸಿಲಿಗೆ ಕೈ ಅಡ್ಡ ಹಿಡಿದು ನೋಡಿದೆ. ದುಂಡನೆಯ ಕಪ್ಪು ತೂತು. ಪಕ್ಕದಲ್ಲಿ ಬಿದ್ದಿದ್ದ ಮುಚ್ಚಳ.

ಮುಚ್ಚಿದೆ ಮಾವ ಎಂದು ಸುಳ್ಳು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಮಾವ ಫೋನು ತೆಗೆದುಕೊಂಡಿದ್ದರು. ಬಹಳ ಹೊತ್ತು ನೋಡಿದರು.

"ತೆರೆದಿದೆ" ಎಂದರು.

ಕುರ್ಚಿಯಲ್ಲಿ ಕೂತರು. ಖಾಕಿ ಅಂಗಿಯ ಮೇಲಿನ ಗುಂಡಿ ಬಿಚ್ಚಿಕೊಂಡರು. ಹನ್ನೊಂದು ವರ್ಷದಲ್ಲಿ ಅರ್ಧ ಹೊತ್ತಾದರೂ 'ಮುಚ್ಚಿದ್ದೆ ಅನ್ಸುತ್ತೆ' ಎಂದು ನೆಮ್ಮದಿಯಿಂದಿದ್ದ ಮನುಷ್ಯ. ಅದನ್ನೂ ನಾನು ಕಸಿದುಕೊಂಡೆ. ಹೆಂಡತಿ ಬಂದು ಅಪ್ಪನ ಹೆಗಲ ಮೇಲೆ ಕೈಯಿಟ್ಟಳು. ಮಿಕ್ಸಿಯ ಮಾತು ಎತ್ತಲಿಲ್ಲ. ಅದರಿಂದಲೇ ನನಗೆ ಪರಿಸ್ಥಿತಿ ಎಷ್ಟು ಕೆಟ್ಟಿದೆ ಎಂದು ಗೊತ್ತಾದದ್ದು.

ಎಂಜಿನಿಯರಿಗೆ ಮಾತ್ರ ತಮ್ಮದೇ ಚಿಂತೆ. ದೊಡ್ಡ ಸಾಹೇಬರ ಮುಖ ಬಾಡಿದ್ದು ನೋಡಿ ಅವರು ನಡುಗಿದರು. "ಸಾರ್, ದಯವಿಟ್ಟು ವರದೀಲಿ ಬರೀಬೇಡಿ ಸಾರ್" ಎಂದು ನನಗೆ ಕೈಮುಗಿದು, ಟ್ಯಾಂಕಿನ ಹಿಂಬದಿಗೆ ತಿರುಗಿ ಗುಡುಗಿದರು: "ಏಯ್ ಮೇಸ್ತ್ರಿ! ಬಾರಯ್ಯ ಇಲ್ಲಿ! ಆ ಮುಚ್ಚಳ ಯಾಕೆ ತೆಗೆದು ಬಿಸಾಕಿದೀರಿ?"

ಟ್ಯಾಂಕು ಒಡೆಯಲು ಬಂದಿದ್ದ ಗುಂಪಿನ ಮೇಸ್ತ್ರಿ ಹಿಂದಿನಿಂದ ಬಂದ. ಅಲ್ಲಿ ಅವರು ಶುಕ್ರವಾರವೇ ಮೇಲೆ ಹತ್ತಲು ಅಟ್ಟಣೆ ಕಟ್ಟಿಕೊಂಡಿದ್ದರಂತೆ. ನಾವು ನಾಲ್ಕು ಹೆಜ್ಜೆ ಆಚೆ ಹೋಗಿ ಒಂದು ಮಾತು ಕೇಳಿದ್ದರೆ ಸಾಕಿತ್ತು.

"ಆ ಮುಚ್ಚಳದ ಸುದ್ದಿ ಎತ್ಬೇಡಿ ಸಾರ್!" ಎಂದ ಮೇಸ್ತ್ರಿ. ಅವನ ಬಲಗೈಗೆ ಪಟ್ಟಿ ಕಟ್ಟಿತ್ತು. "ಒಳಗೆ ನೀರಿದೆಯಾ ನೋಡೋಣ ಅಂತ ನಿನ್ನೆ ತೆಗೆಯಕ್ಕೆ ಹೋದ್ವಿ. ನಾಲ್ಕು ಜನ ಸಾರ್, ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೂ! ಸ್ಪ್ಯಾನರಿಗೆ ಆಳುದ್ದ ಪೈಪು ಸಿಕ್ಕಿಸಿ ಜೋತುಬಿದ್ವಿ. ಎರಡು ಸ್ಪ್ಯಾನರ್ ಮುರಿದ್ವು, ನನ್ನ ಕೈ ಹೋಯ್ತು. ಯಾವನು ಸಾರ್ ಅದನ್ನ ಮುಚ್ಚಿದವನು? ಏನು ತಾತನ ಗಂಟು ಇಟ್ಟಿದ್ನಾ ಒಳಗೆ? ಮೂವತ್ತು ವರ್ಷದಿಂದ ಈ ಕೆಲಸ ಮಾಡ್ತಿದೀನಿ, ಇಂಥ ಬಿಗಿ ನೋಡಿಲ್ಲ. ಅವನ ಕೈ ಸೇದಿಹೋಗ!"

ಮೇಲೆ ಡ್ರೋನಿನ ಬ್ಯಾಟರಿ ಮುಗಿದು, ಅದು ತಾನಾಗಿ ಟ್ಯಾಂಕಿನ ನೆತ್ತಿಯ ಮೇಲೆ ಕೂತಿತು. ಯಾರೂ ಅತ್ತ ನೋಡಲಿಲ್ಲ.

ಮಾವ ನಿಧಾನವಾಗಿ ಎದ್ದರು. ಬಿಚ್ಚಿದ್ದ ಗುಂಡಿ ಹಾಕಿಕೊಂಡರು. ತಮ್ಮ ಕುರ್ಚಿಯನ್ನೇ ಮೇಸ್ತ್ರಿಯ ಕಡೆ ಸರಿಸಿದರು.

"ಎಷ್ಟು ಜನ ಅಂದ್ಯಪ್ಪ?"

"ನಾಲ್ಕು ಜನ."

"ನಾಲ್ಕು ಜನ!" ಎಂದು ಮಾವ ನನ್ನ ಕಡೆ ತಿರುಗಿದರು. ಮುಖದ ತುಂಬ ನಗು, ಕಣ್ಣಿನ ತುಂಬ ನೀರು. "ಕೇಳಿಸ್ಕೊಂಡ್ರಾ ಅಳಿಯಂದಿರೇ? ನೀವಿಲ್ದಿದ್ರೆ ಇದು ನನ್ನ ಕಿವಿಗೆ ಬೀಳ್ತಿತ್ತಾ!" ಆಮೇಲೆ ಮೇಸ್ತ್ರಿಯ ಪಟ್ಟಿ ಕಟ್ಟಿದ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಅವನನ್ನು ಕುರ್ಚಿಯಲ್ಲಿ ಕೂರಿಸಿದರು.

"ಕೂತ್ಕೋಪ್ಪ, ಆರಾಮಾಗಿ ಕೂತ್ಕೋ. ಮುಚ್ಚಿದವನಿಗೆ ಕೊನೇಲಿ ಏನೋ ಬೈದೆಯಲ್ಲ, ಅದನ್ನ ಇನ್ನೊಂದ್ಸಲ ಬೈಯಿ. ಸ್ವಲ್ಪ ಜೋರಾಗಿ ಬೈಯಿ, ಹಿಂದೆ ಕೂತಿರೋರಿಗೂ ಕೇಳಿಸ್ಲಿ."